ಪೋರ್ಟ್ ಕಮ್ಮಿಯಾದ ಕಾಲದಲ್ಲಿ ಯಾವ ಲ್ಯಾಪ್‌ಟಾಪ್ ಕೊಳ್ಳೋದು?

ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ಕೈಗೆತ್ತಿಕೊಂಡು ಅಕ್ಕಪಕ್ಕ ತಿರುಗಿಸಿ ನೋಡಿ. ಸಿಡಿ ಹಾಕುವ ಜಾಗ ಇಲ್ಲ. ಪ್ರೊಜೆಕ್ಟರಿನ ನೀಲಿ ಪಿನ್ ಕೂರುವ ಜಾಗ ಇಲ್ಲ. ಇಂಟರ್‌ನೆಟ್ ಕೇಬಲ್ ಸಿಕ್ಕಿಸುವ ಜಾಗವೂ ಎಷ್ಟೋ ಮಾಡೆಲ್‌ಗಳಲ್ಲಿ ಇಲ್ಲ. ಕೆಲವದರಲ್ಲಂತೂ ಎರಡು ಟೈಪ್-ಸಿ, ಒಂದು ಇಯರ್‌ಫೋನ್ ತೂತು, ಅಷ್ಟೇ. ಮನೆಯಲ್ಲಿ ಮಾತ್ರ ಹಳೇ ಪೆನ್‌ಡ್ರೈವ್, ಪ್ರಿಂಟರ್, ಮದುವೆಯ ಡಿವಿಡಿ, ಆಸ್ಪತ್ರೆಯವರು ಕೊಟ್ಟ ಸ್ಕ್ಯಾನ್ ಸಿಡಿ ಎಲ್ಲ ಹಾಗೇ ಕೂತಿರುತ್ತವೆ.

ಕೊಳ್ಳುವವರ ಮುಂದೆ ಈಗ ನಾಲ್ಕು ದಾರಿಗಳಿವೆ. ಬರೀ ಟೈಪ್-ಸಿ ಇರುವ ತೆಳು ಲ್ಯಾಪ್‌ಟಾಪ್ ತಗೊಂಡು ಜೊತೆಗೊಂದು ಹಬ್, ಅಂದರೆ ಒಂದು ಟೈಪ್-ಸಿಯಿಂದ ಹಲವು ಪೋರ್ಟ್ ಮಾಡಿಕೊಡುವ ಸಣ್ಣ ಪೆಟ್ಟಿಗೆ, ಇಟ್ಟುಕೊಳ್ಳುವುದು. ಮಾಮೂಲಿ ಯುಎಸ್‌ಬಿ, ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಎರಡೂ ಇರುವ ಸಾಧಾರಣ 14 ಅಥವಾ 15 ಇಂಚಿನದು ಕೊಳ್ಳುವುದು. ಇಂಟರ್‌ನೆಟ್ ಕೇಬಲ್ಲಿನ ಲ್ಯಾನ್ ಪೋರ್ಟೂ ಇರುವ, ಕಂಪನಿಗಳಿಗೆಂದೇ ಮಾಡಿದ ಸಾಲಿನ ಲ್ಯಾಪ್‌ಟಾಪ್‌ಗೆ ಹೋಗುವುದು. ಇಲ್ಲವೇ ಎಲ್ಲ ಪೋರ್ಟೂ ಡಿವಿಡಿ ಡ್ರೈವೂ ಇರುವ ಹಳೆಯದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುವುದು.

ಯಾವುದು ಸರಿ ಅನ್ನುವ ಮೊದಲು ಒಂದು ಹಾಳೆ ತಗೊಳ್ಳಿ. ನೀವು ಲ್ಯಾಪ್‌ಟಾಪಿಗೆ ಏನೇನು ಚುಚ್ಚುತ್ತೀರಿ ಅಂತ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರಬೇಕು. ಎಷ್ಟು ಸಲ ಬೇಕಾಗುತ್ತದೆ? ಎಲ್ಲಿ ಬೇಕಾಗುತ್ತದೆ, ಮನೆಯ ಮೇಜಿನ ಮೇಲೋ, ಹೊರಗೆ ಹೋದಲ್ಲೋ? ಮೂರನೆಯದು ಜನ ಮರೆಯುವ ಪ್ರಶ್ನೆ: ಕೇಬಲ್ಲಿನ ಇನ್ನೊಂದು ತುದಿ ಯಾರದು? ಮನೆಯ ಮಾನಿಟರ್ ನಿಮ್ಮದು, ಬೇಕಾದರೆ ಕೇಬಲ್ ಬದಲಿಸಬಹುದು. ಕಾಲೇಜಿನ ಪ್ರೊಜೆಕ್ಟರ್ ನಿಮ್ಮದಲ್ಲ. ಕಾರ್ಖಾನೆಯ ಮೆಷಿನ್ ನಿಮ್ಮದಲ್ಲ. ಅಲ್ಲಿ ಏನಿದೆಯೋ ಅದಕ್ಕೆ ನೀವೇ ಹೊಂದಿಕೊಳ್ಳಬೇಕು.

ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ವಾರದಲ್ಲಿ ಮೂರ್ನಾಲ್ಕು ದಿನ ಬೇಕಾಗುವ ಪೋರ್ಟ್ ಲ್ಯಾಪ್‌ಟಾಪಿನ ಮೈಯಲ್ಲೇ ಇರಬೇಕು. ತಿಂಗಳಿಗೊಮ್ಮೆ ಬೇಕಾಗುವುದಕ್ಕೆ ಬ್ಯಾಗಿನಲ್ಲೊಂದು ಅಡಾಪ್ಟರ್ ಸಾಕು. ವರ್ಷಕ್ಕೊಮ್ಮೆ ಬೇಕಾಗುವುದನ್ನು ಯಾರಿಂದಲಾದರೂ ಇಸ್ಕೊಳ್ಳಿ. ಬಜೆಟ್ ಹಾಕುವಾಗ ಅಡಾಪ್ಟರ್‌ಗಳ ದುಡ್ಡನ್ನೂ ಲ್ಯಾಪ್‌ಟಾಪಿನ ಬೆಲೆಗೆ ಸೇರಿಸಿಯೇ ನೋಡಬೇಕು.

ಇವೆಲ್ಲ ಎಲ್ಲಿಗೆ ಹೋದವು?

ಸಿಡಿ ಡ್ರೈವ್ ಮಾಯವಾಗಲು ಮುಖ್ಯ ಕಾರಣ ದಪ್ಪ. ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ 12.7 ಮಿಲಿಮೀಟರ್ ದಪ್ಪ ಇರುತ್ತಿತ್ತು. ತೆಳು ಅಂದದ್ದೂ 9.5 ಮಿಲಿಮೀಟರ್. ಆ ಜಾಗದಲ್ಲಿ ಈಗ ಬ್ಯಾಟರಿ ಕೂರುತ್ತದೆ. 2008ರಲ್ಲಿ ಆಪಲ್ ಮೊದಲ ಮ್ಯಾಕ್‌ಬುಕ್ ಏರ್ ತಂದಾಗ ಅದರಲ್ಲಿ ಡಿಸ್ಕ್ ಡ್ರೈವೂ ಇರಲಿಲ್ಲ, ಲ್ಯಾನ್ ಪೋರ್ಟೂ ಇರಲಿಲ್ಲ, ಇದ್ದದ್ದು ಒಂದೇ ಯುಎಸ್‌ಬಿ. ಆಗ ಅದು ವಿಚಿತ್ರ ಅನಿಸಿತ್ತು. ನಂತರದ ವರ್ಷಗಳಲ್ಲಿ ಉಳಿದವರೂ ಅದೇ ದಾರಿ ಹಿಡಿದರು.

ಪ್ರೊಜೆಕ್ಟರಿನ ಆ ನೀಲಿ ಪಿನ್ ಕೂರುವ ವಿಜಿಎ ಕಥೆ ಬೇರೆ. ಅದು 1987ರಲ್ಲಿ ಐಬಿಎಂ ತಂದ ಅನಲಾಗ್ ಪೋರ್ಟ್. 2010ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿ ಅದನ್ನು ಕೈಬಿಡುವುದಾಗಿ ಹೇಳಿದವು. 2015ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳಲ್ಲಿ ಅದಕ್ಕೆ ಬೆಂಬಲ ನಿಲ್ಲಿಸುವುದು ಅವರ ಯೋಜನೆಯಾಗಿತ್ತು. ಲ್ಯಾಪ್‌ಟಾಪ್‌ಗಳು ಬಿಟ್ಟವು, ತರಗತಿಯ ಗೋಡೆಗೆ ನೇತುಹಾಕಿದ ಪ್ರೊಜೆಕ್ಟರ್‌ಗಳು ಬಿಡಲಿಲ್ಲ!

ಈ ಎರಡೂ ವಾಪಸ್ ಬರುವುದಿಲ್ಲ, ಕಾಯಬೇಡಿ. ಆದರೆ ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿಲ್ಲ. 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಜಾಗ ಎರಡನ್ನೂ ಕಿತ್ತುಹಾಕಿದ ಆಪಲ್, 2021ರ 14 ಮತ್ತು 16 ಇಂಚಿನ ಮಾಡೆಲ್‌ಗಳಲ್ಲಿ ಎರಡನ್ನೂ ತಿರುಗಿ ಕೊಟ್ಟಿತು. ಜನ ನಿಜವಾಗಿ ದಿನಾ ಬಳಸುವ ಪೋರ್ಟ್‌ಗಳಿಗೆ ಇನ್ನೂ ಬೆಲೆ ಇದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಟೈಪ್-ಸಿ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ

ಮೋಸ ಹೋಗುವ ಜಾಗ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಟೈಪ್-ಸಿ ಅನ್ನುವುದು ಆ ತೂತಿನ ಆಕಾರ ಅಷ್ಟೇ. ಅದರ ಹಿಂದೆ ಏನಿದೆ ಅನ್ನುವುದು ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಬದಲಾಗುತ್ತದೆ. ಒಂದು ಟೈಪ್-ಸಿ ಬರೀ ಡೇಟಾ ಸಾಗಿಸಬಹುದು. ಇನ್ನೊಂದು ಡೇಟಾ ಜೊತೆಗೆ ಮಾನಿಟರಿಗೆ ಚಿತ್ರವನ್ನೂ ಕಳಿಸಬಹುದು. ಮತ್ತೊಂದರಿಂದ ಲ್ಯಾಪ್‌ಟಾಪನ್ನೇ ಚಾರ್ಜ್ ಮಾಡಬಹುದು. ಮೂರೂ ಮಾಡುವಂಥದ್ದೂ ಇದೆ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಬರೀ ಡೇಟಾದ ಟೈಪ್-ಸಿ ಸಾಮಾನ್ಯ. ಅಂಥದ್ದಕ್ಕೆ ಎಚ್‌ಡಿಎಂಐ ಇರುವ ಹಬ್ ತಂದು ಚುಚ್ಚಿದರೆ ಹಬ್ಬಿನ ಯುಎಸ್‌ಬಿ ಕೆಲಸ ಮಾಡುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಆಮೇಲೆ ಹಬ್ ಮಾರಿದವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ವೇಗವೂ ಹಾಗೇ. ಅದೇ ಆಕಾರದ ತೂತಿನಲ್ಲಿ ಸೆಕೆಂಡಿಗೆ 480 ಮೆಗಾಬಿಟ್ ಓಡಬಹುದು, 5 ಗಿಗಾಬಿಟ್ ಓಡಬಹುದು, 10 ಓಡಬಹುದು. ಥಂಡರ್‌ಬೋಲ್ಟ್ 4 ಅನ್ನುವ ಹೆಚ್ಚು ವೇಗದ ಬಗೆಯಾದರೆ 40 ಗಿಗಾಬಿಟ್. ಪಕ್ಕದಲ್ಲಿ ಮಿಂಚಿನ ಗುರುತು ಇದ್ದು ಅದರ ಜೊತೆ 4 ಅಂತಿದ್ದರೆ ಥಂಡರ್‌ಬೋಲ್ಟ್. ಆಂಗ್ಲದ ಡಿ ಮತ್ತು ಪಿ ಕೂಡಿಸಿದಂಥ ಗುರುತು ಇದ್ದರೆ ಚಿತ್ರ ಕಳಿಸುತ್ತದೆ. ಗುರುತೇ ಹಾಕದ ಕಂಪನಿಗಳೂ ಇವೆ. ಆಗ ಆ ಮಾಡೆಲ್ಲಿನ ಪೂರ್ತಿ ವಿವರಪಟ್ಟಿ ತೆಗೆದು ಚಿತ್ರಕ್ಕೆ 'ಡಿಸ್‌ಪ್ಲೇಪೋರ್ಟ್', ಚಾರ್ಜಿಂಗಿಗೆ 'ಪವರ್ ಡೆಲಿವರಿ' ಅನ್ನುವ ಎರಡು ಮಾತು ಹುಡುಕಿ. ಇಲ್ಲದಿದ್ದರೆ ಅದು ಬರೀ ಡೇಟಾ ಅಂತಲೇ ಇಟ್ಟುಕೊಳ್ಳಿ.

ಟೈಪ್-ಸಿ ಚಾರ್ಜಿಂಗ್ ಇದ್ದರೆ ಒಂದು ಲಾಭ ಇದೆ. ಚಾರ್ಜರ್ ಮರೆತು ಊರಿಗೆ ಹೋದರೂ ಯಾರದಾದರೂ 65 ವ್ಯಾಟಿನ ಚಾರ್ಜರ್ ಇಸ್ಕೊಂಡು ನಡೆಸಬಹುದು. ಯುರೋಪಿನಲ್ಲಿ 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೂ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಅಂತ ಕಾನೂನೇ ಇದೆ. ಅಲ್ಲಿಗೂ ಇಲ್ಲಿಗೂ ಒಂದೇ ಮಾಡೆಲ್ ಮಾರುವ ಕಂಪನಿಗಳು ನಮಗಾಗಿ ಬೇರೆ ಪಿನ್ ಮಾಡಿ ಕೊಡುವುದು ಕಷ್ಟ.

ತೆಳು ಲ್ಯಾಪ್‌ಟಾಪ್, ಜೊತೆಗೆ ಹಬ್

ಮ್ಯಾಕ್‌ಬುಕ್ ಏರ್ ಮತ್ತು ಅದರಂಥ ಸಪೂರ ಲ್ಯಾಪ್‌ಟಾಪ್‌ಗಳು ಈ ಗುಂಪಿನವು. ತೂಕ ಒಂದೂಕಾಲು ಕಿಲೋ ಆಸುಪಾಸು. ದಿನಾ ಬಸ್ಸು, ಮೆಟ್ರೊದಲ್ಲಿ ಹೊತ್ತು ತಿರುಗುವವರಿಗೆ ಹಿತ. ಕಡತಗಳೆಲ್ಲ ಕ್ಲೌಡ್‌ನಲ್ಲಿ, ಮೀಟಿಂಗ್ ಎಲ್ಲ ವಿಡಿಯೊ ಕಾಲ್‌ನಲ್ಲಿ ಅನ್ನುವವರು ವಾರಗಟ್ಟಲೆ ಏನನ್ನೂ ಚುಚ್ಚುವುದೇ ಇಲ್ಲ. ಅಂಥವರು ಪೋರ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಉಳಿದವರಿಗೆ ಹಬ್ ಬೇಕು. ಒಂದೆರಡು ಯುಎಸ್‌ಬಿ, ಒಂದು ಎಚ್‌ಡಿಎಂಐ, ಕಾರ್ಡ್ ರೀಡರ್, ಚಾರ್ಜಿಂಗ್ ಇರುವ ಹಬ್ ಸುಮಾರು ಎರಡು ಸಾವಿರದಿಂದ ಸಿಗುತ್ತದೆ. ಅಗ್ಗದವುಗಳಲ್ಲಿ ಎಚ್‌ಡಿಎಂಐ 4ಕೆ ಅಂತ ಬರೆದಿದ್ದರೂ ಸೆಕೆಂಡಿಗೆ 30 ಫ್ರೇಮ್ ಮಾತ್ರ ಕೊಡುತ್ತದೆ. ಮೌಸ್ ಎಳೆದಾಗ ತಡೆದು ತಡೆದು ಓಡಿದಂತೆ ಕಾಣುತ್ತದೆ. ದಿನಪೂರ್ತಿ ಮಾನಿಟರ್ ಮುಂದೆ ಕೂರುವವರು 60 ಹರ್ಟ್ಜ್ (ಸೆಕೆಂಡಿಗೆ 60 ಫ್ರೇಮ್) ಅಂತ ಸ್ಪಷ್ಟವಾಗಿ ಬರೆದದ್ದನ್ನೇ ತಗೊಳ್ಳಬೇಕು. ಇನ್ನೊಂದು ಕಿರಿಕಿರಿ ಹಲವರಿಗೆ ಅರ್ಥವೇ ಆಗುವುದಿಲ್ಲ: ಹಬ್ ಹಾಕಿದ ಕೂಡಲೇ ವೈರ್‌ಲೆಸ್ ಮೌಸ್ ತೊದಲಲು ಶುರುವಾಗುತ್ತದೆ. ಯುಎಸ್‌ಬಿ 3.0 ಓಡುವಾಗ ಹೊರಡುವ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಜ್ ರೇಡಿಯೊಗೆ ಅಡ್ಡ ಬರುತ್ತದೆ. 2012ರಲ್ಲೇ ಇಂಟೆಲ್ ಇದನ್ನು ಅಳೆದು ಬರೆದಿದೆ. ಮೌಸಿನ ರಿಸೀವರನ್ನು ಹಬ್ಬಿನಿಂದ ಒಂದಡಿ ದೂರ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬ್ಲೂಟೂತ್ ಮೌಸ್ ತಗೊಂಡರೂ ಅದೇ 2.4 ಗಿಗಾಹರ್ಟ್ಜ್, ಅದರಿಂದ ಪಾರಾದೆವು ಅಂದುಕೊಳ್ಳಬೇಡಿ.

ಮ್ಯಾಕ್ ಕೊಳ್ಳುವವರಿಗೆ ಒಂದು ಮಾತು. ಎಂ1, ಎಂ2 ಚಿಪ್ಪಿನ ಏರ್ ಹೊರಗಿನ ಒಂದೇ ಮಾನಿಟರ್ ನಡೆಸುತ್ತದೆ. ಹಬ್ಬಿನಲ್ಲಿ ಎರಡು ಎಚ್‌ಡಿಎಂಐ ಇದ್ದರೂ ಎರಡರಲ್ಲೂ ಕಾಣುವುದು ಒಂದೇ ಚಿತ್ರ. ಇದು ಹಬ್ಬಿನ ದೋಷ ಅಲ್ಲ.

ಮನೆಯಲ್ಲಿ ಒಂದೇ ಮೇಜಿನ ಮೇಲೆ ಕೆಲಸ ಮಾಡುವವರಿಗೆ ಹಬ್ಬಿನ ಅಣ್ಣ ಡಾಕ್ ಇದೆ. ಒಂದೇ ಕೇಬಲ್ ಚುಚ್ಚಿದರೆ ಮಾನಿಟರ್, ಕೀಬೋರ್ಡ್, ಲ್ಯಾನ್, ಚಾರ್ಜರ್ ಎಲ್ಲ ಒಟ್ಟಿಗೆ ಬರುತ್ತವೆ. ಸುಖವೇನೋ ಹೌದು. ಆದರೆ ಒಳ್ಳೆಯ ಥಂಡರ್‌ಬೋಲ್ಟ್ ಡಾಕ್ ಇಪ್ಪತ್ತು ಸಾವಿರದ ಮೇಲೇ ಹೋಗುತ್ತದೆ. ನಲವತ್ತು ಸಾವಿರದ ಲ್ಯಾಪ್‌ಟಾಪಿಗೆ ಅದನ್ನು ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. ಕಂಪನಿ ಕೊಡಿಸಿದರೆ ಮಾತ್ರ ಬಿಡಬೇಡಿ.

ಮಧ್ಯದ ದಾರಿ

ನಲವತ್ತರಿಂದ ಅರವತ್ತೈದು ಸಾವಿರದ ನಡುವೆ ಸಿಗುವ ಮಾಮೂಲಿ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಇನ್ನೂ ಎರಡು ಮಾಮೂಲಿ ಯುಎಸ್‌ಬಿ, ಒಂದು ಟೈಪ್-ಸಿ, ಒಂದು ಪೂರ್ತಿ ಅಳತೆಯ ಎಚ್‌ಡಿಎಂಐ ಕೊಡುತ್ತವೆ. ವಿದ್ಯಾರ್ಥಿಗಳಿಗೆ, ಮನೆಗೆ, ಅಂಗಡಿ ಲೆಕ್ಕಕ್ಕೆ ನನ್ನ ಮೊದಲ ಆಯ್ಕೆ ಇದೇ. ತೂಕ ಒಂದೂವರೆಯಿಂದ ಒಂದೂಮುಕ್ಕಾಲು ಕಿಲೋ ಇರುತ್ತದೆ, ನೋಡಲು ಅಷ್ಟು ಠೀವಿ ಇಲ್ಲ. ಆದರೆ ಯಾರೋ ಪೆನ್‌ಡ್ರೈವ್ ಕೊಟ್ಟಾಗ "ಒಂದ್ನಿಮಿಷ, ಅಡಾಪ್ಟರ್ ಹುಡುಕ್ತೀನಿ" ಅನ್ನಬೇಕಾಗಿಲ್ಲ.

ಮಾಮೂಲಿ ಯುಎಸ್‌ಬಿಯ ಅಗತ್ಯ ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ. ಚಾರ್ಟರ್ಡ್ ಅಕೌಂಟೆಂಟ್‌ಗಳು, ಟೆಂಡರ್ ಹಾಕುವ ಗುತ್ತಿಗೆದಾರರು ಬಳಸುವ ಡಿಜಿಟಲ್ ಸಹಿಯ ಟೋಕನ್ ನೋಡಿ. ಹೆಚ್ಚಿನವು ಮಾಮೂಲಿ ಯುಎಸ್‌ಬಿಯವೇ. ಆಧಾರ್ ಕೆಲಸಕ್ಕೆ ಬಳಸುವ ಬೆರಳಚ್ಚು ಯಂತ್ರಗಳೂ ಬಹುಪಾಲು ಹಾಗೇ. ಇನ್ನೂರು ರೂಪಾಯಿಯ ಟೈಪ್-ಸಿ ಅಡಾಪ್ಟರ್ ಹಾಕಿದರೆ ಇವು ಕೆಲಸ ಮಾಡುತ್ತವೆ. ಆದರೆ ಟೆಂಡರ್ ಮುಗಿಯಲು ಹತ್ತು ನಿಮಿಷ ಇರುವಾಗ ಸಡಿಲವಾದ ಅಡಾಪ್ಟರಿನಿಂದ ಟೋಕನ್ ಕಳಚಿದರೆ? ದಿನಾ ಸಹಿ ಹಾಕುವವರಿಗೆ ಮೈಮೇಲಿನ ಪೋರ್ಟೇ ವಾಸಿ.

ಇಲ್ಲೇ ಇನ್ನೊಂದು ಗುಂಡಿ ಇದೆ. ಈಗ ಸ್ನಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ, ಬ್ಯಾಟರಿ ತುಂಬಾ ಚೆನ್ನಾಗಿ ಬರುತ್ತದೆ. ಇಂಟೆಲ್‌ಗೆಂದು ಬರೆದ ಸಾಮಾನ್ಯ ಸಾಫ್ಟ್‌ವೇರ್ ಅದರಲ್ಲಿ ಹೇಗೋ ಓಡುತ್ತದೆ, ಪ್ರಿಂಟರಿನಂಥ ಸಾಧನವನ್ನು ನಡೆಸುವ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಮಾತ್ರ ಓಡುವುದಿಲ್ಲ. ಡ್ರೈವರನ್ನು ಆ ಚಿಪ್ಪಿಗೆಂದೇ ಬರೆದಿರಬೇಕು. ಹಳೇ ಪ್ರಿಂಟರ್, ಸಹಿಯ ಟೋಕನ್, ಬೆರಳಚ್ಚು ಯಂತ್ರ ಇರುವವರು ಪೋರ್ಟ್ ಕೂರುತ್ತದಾ ಅಂತ ಮಾತ್ರ ನೋಡಿದರೆ ಸಾಲದು. ಆ ಸಾಧನದ ಕಂಪನಿ ಅದಕ್ಕೆ ಡ್ರೈವರ್ ಕೊಟ್ಟಿದೆಯಾ ಅಂತಲೂ ಕೇಳಬೇಕು.

ಪ್ರೊಜೆಕ್ಟರ್ ಇರುವ ಮೇಷ್ಟ್ರುಗಳಿಗೂ ಈ ಮಧ್ಯದ ದಾರಿಯೇ ಸರಿ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ಐನೂರು ರೂಪಾಯಿಯೊಳಗೆ ಸಿಗುತ್ತದೆ. ಒಳಗೆ ಚಿಪ್ ಇರುವ ಕನ್ವರ್ಟರನ್ನೇ ಕೇಳಿ ತಗೊಳ್ಳಿ. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ವಿಜಿಎ ಇರುವ ಬರೀ ಕೇಬಲ್‌ಗಳನ್ನೂ ಮಾರುತ್ತಾರೆ. ಚಿಪ್ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನಿಂದ ಕೆಲಸ ಮಾಡುವುದಿಲ್ಲ, ಯಾಕೆಂದರೆ ಡಿಜಿಟಲ್ಲನ್ನು ಯಾರಾದರೂ ಅನಲಾಗ್ ಮಾಡಬೇಕಲ್ವಾ? ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ ಅನ್ನುವುದೂ ನೆನಪಿರಲಿ. ಪಾಠದ ನಡುವೆ ವಿಡಿಯೊ ತೋರಿಸುವವರು ಸ್ಪೀಕರಿಗೆ ಬೇರೆ ವೈರ್ ಎಳೆಯಬೇಕು.

ಲ್ಯಾನ್ ಪೋರ್ಟ್ ಬೇಕೇಬೇಕು ಅನ್ನುವವರು

ಲೆನೊವೊ ಥಿಂಕ್‌ಪ್ಯಾಡ್ ಇ14, ಟಿ14, ಎಚ್‌ಪಿ ಪ್ರೊಬುಕ್, ಡೆಲ್ ಲ್ಯಾಟಿಟ್ಯೂಡ್ 5000 ಸಾಲಿನಂಥ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಉಳಿದುಕೊಂಡಿದೆ. ಕೆಲವು ತೆಳು ಮಾಡೆಲ್‌ಗಳಲ್ಲಿ ಅದರ ಕೆಳದವಡೆ ತೆರೆದು ಕೇಬಲ್ ಒಳಗೆ ಬಿಡುವಂತೆ ಮಾಡಿರುತ್ತಾರೆ. ಇವು ಅದೇ ಪ್ರೊಸೆಸರಿನ ಮಾಮೂಲಿ ಲ್ಯಾಪ್‌ಟಾಪಿಗಿಂತ ದುಬಾರಿ. ಆದರೆ ಕೀಬೋರ್ಡ್ ಗಟ್ಟಿ, ರಿಪೇರಿಗೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ.

ಬರೀ ಲ್ಯಾನ್‌ಗೋಸ್ಕರ ಈ ಹೆಚ್ಚಿನ ದುಡ್ಡು ಕೊಡಬೇಕಾ? ಮನೆಯಲ್ಲಿ ಇಂಟರ್‌ನೆಟ್ ಬಳಸುವವರಿಗೆ ಖಂಡಿತ ಬೇಡ. ಸಾವಿರ, ಸಾವಿರದ ಇನ್ನೂರರ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಾಕು. ಯುಎಸ್‌ಬಿ 3.0, ಗಿಗಾಬಿಟ್ ಅಂತ ಬರೆದದ್ದೇ ಇರಲಿ. ಮುನ್ನೂರು ರೂಪಾಯಿಗೆ ಸಿಗುವ ಯುಎಸ್‌ಬಿ 2.0 ಅಡಾಪ್ಟರ್‌ಗಳು ಸಾಮಾನ್ಯವಾಗಿ 100 ಮೆಗಾಬಿಟ್‌ಗೇ ನಿಲ್ಲುತ್ತವೆ. 200 ಮೆಗಾಬಿಟ್ ಫೈಬರ್ ಹಾಕಿಸಿಕೊಂಡು ಅದರಲ್ಲಿ ಅರ್ಧ ಕಳಕೊಳ್ಳೋದು ಯಾಕೆ?

ನೆಟ್‌ವರ್ಕ್ ಕೆಲಸದವರು, ಕ್ಯಾಮೆರಾ ಕೂರಿಸುವವರು, ಕಾರ್ಖಾನೆಗಳಲ್ಲಿ ಮೆಷಿನ್ ನೋಡಿಕೊಳ್ಳುವವರಿಗೆ ಮಾತು ಬೇರೆ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದವರಿಗೆ ನೇತಾಡುವ ಡಾಂಗಲ್ ಸಹವಾಸವೇ ಬೇಡ. ಅವರು ಈ ಸಾಲಿನಿಂದಲೇ ಕೊಳ್ಳಲಿ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್‌ಗಳಲ್ಲಿ ಇನ್ನೊಂದು ಹಳೇ ಗಿರಾಕಿ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಹಳೆಯ ಸಿಎನ್‌ಸಿ ಮೆಷಿನ್‌ಗಳಿಗೆ ಪ್ರೋಗ್ರಾಂ ಕಳಿಸಲು ಬೇಕಾದ ಸೀರಿಯಲ್ ಪೋರ್ಟ್. ಇದು ಯಾವ ಮಾಮೂಲಿ ಹೊಸ ಲ್ಯಾಪ್‌ಟಾಪಿನಲ್ಲೂ ಸಿಗುವುದಿಲ್ಲ, ಯುಎಸ್‌ಬಿ ಕನ್ವರ್ಟರೇ ಗತಿ. ಅದರಲ್ಲಿ ಅಗ್ಗದ್ದಕ್ಕೆ ಹೋಗಬೇಡಿ. ಪ್ರೊಲಿಫಿಕ್ ಅನ್ನುವ ಕಂಪನಿಯ ಚಿಪ್ಪಿನ ನಕಲುಗಳು ಮಾರುಕಟ್ಟೆಯಲ್ಲಿ ತುಂಬಿವೆ, ಕಂಪನಿಯ ಹೊಸ ಡ್ರೈವರ್ ಅವುಗಳನ್ನು ಗುರುತಿಸಿ ಕೆಲಸ ಮಾಡಲು ಬಿಡುವುದಿಲ್ಲ. ಎಫ್‌ಟಿಡಿಐ ಕಂಪನಿಯ ನಿಜವಾದ ಚಿಪ್ಪಿನದು ತಗೊಂಡರೆ ನೆಮ್ಮದಿ.

ಎಲ್ಲ ಇರುವ ಹಳೇ ಲ್ಯಾಪ್‌ಟಾಪ್

ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಥಿಂಕ್‌ಪ್ಯಾಡ್ ಟಿ430ನಂಥವು ಈಗಲೂ ಕಾಣಿಸುತ್ತವೆ. 2012ರ ಮಾಡೆಲ್. ಡಿವಿಡಿ ಡ್ರೈವ್ ಇದೆ, ವಿಜಿಎ ಇದೆ, ಲ್ಯಾನ್ ಇದೆ. ಬೆಲೆಯೂ ಕೈಗೆಟಕುವಂಥದ್ದು. "ಎಲ್ಲ ಒಂದರಲ್ಲೇ ಇದೆ, ಸುಮ್ನೆ ಅಡಾಪ್ಟರ್‌ಗೆ ಯಾಕೆ ದುಡ್ಡು" ಅನಿಸುವುದು ಸಹಜ.

ತೊಂದರೆ ಇರುವುದು ಸಾಫ್ಟ್‌ವೇರ್‌ನಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು. ಟಿ430ಯಲ್ಲಿರುವುದು ಮೂರನೇ ತಲೆಮಾರು. ಒತ್ತಾಯದಿಂದ ಹಾಕಿಕೊಡುವ ಅಂಗಡಿಯವರಿದ್ದಾರೆ, ಆದರೆ ಅದರ ಮೇಲೆ ಬ್ಯಾಂಕಿನ ಕೆಲಸ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಟರಿಯೂ ಮುದಿಯಾಗಿರುತ್ತದೆ, ಹೊಸ ಬ್ಯಾಟರಿ ಅಂತ ಕೊಡುವುದು ಹೆಚ್ಚಾಗಿ ನಕಲು.

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಗೊತ್ತಿರುವವರು, ಅಥವಾ ವರ್ಕ್‌ಶಾಪಿನಲ್ಲಿ ಒಂದೇ ಮೆಷಿನ್ನಿನ ಪಕ್ಕ ಇಂಟರ್‌ನೆಟ್ ಇಲ್ಲದೆ ಇಡುವವರು ಧಾರಾಳವಾಗಿ ಕೊಳ್ಳಬಹುದು. ಮಗಳ ಕಾಲೇಜಿಗೆ, ಮನೆಯ ಒಂದೇ ಕಂಪ್ಯೂಟರ್ ಅಂತ ಇದನ್ನು ಕೊಳ್ಳಬೇಡಿ.

ಡಿವಿಡಿಗಳನ್ನು ಏನು ಮಾಡೋದು?

ಡಿವಿಡಿ ಡ್ರೈವ್ ಒಂದಕ್ಕೋಸ್ಕರ ಲ್ಯಾಪ್‌ಟಾಪ್ ಆರಿಸುವುದರಲ್ಲಿ ಅರ್ಥ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಮುಂದಿನ ಲ್ಯಾಪ್‌ಟಾಪಿಗೂ ಬರುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಕರೆಂಟ್ ಒಂದೇ. ಡಿಸ್ಕ್ ತಿರುಗಲು ಶುರುವಾಗುವಾಗ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3.0 ಕೊಡುವುದು 900. ಅಗ್ಗದ ಹಬ್ಬಿಗೆ ಚುಚ್ಚಿದರೆ ಡ್ರೈವ್ ಗರಗರ ಅಂದು ಸುಮ್ಮನಾಗುತ್ತದೆ, ಜನ ಡ್ರೈವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನೇರ ಲ್ಯಾಪ್‌ಟಾಪಿಗೇ ಚುಚ್ಚಿ.

ಇನ್ನೊಂದು ದಾರಿ, ಒಂದು ಭಾನುವಾರ ಗೆಳೆಯರ ಡ್ರೈವ್ ಇಸ್ಕೊಂಡು ಎಲ್ಲವನ್ನೂ ನಕಲು ಮಾಡಿಬಿಡುವುದು. ಒಂದು ಮಾಮೂಲಿ ಡಿವಿಡಿ 4.7 ಗಿಗಾಬೈಟ್. 64 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಹನ್ನೆರಡು ಡಿವಿಡಿ ಆರಾಮಾಗಿ ಕೂರುತ್ತವೆ. ಮನೆಯಲ್ಲಿ ಬರೆದ ಡಿಸ್ಕ್‌ಗಳ ಬಣ್ಣದ ಪದರ ಬಿಸಿಲು, ತೇವಕ್ಕೆ ಹಾಳಾಗುತ್ತದೆ, ಹಾಗಾಗಿ ಮದುವೆ ವಿಡಿಯೊ ಇರುವವರು ಈ ಕೆಲಸ ಮುಂದೂಡಬಾರದು. ನಕಲು ಮಾಡಿದ್ದನ್ನು ವಿಎಲ್‌ಸಿ ಅನ್ನುವ ವಿಡಿಯೊ ಸಾಫ್ಟ್‌ವೇರಿನಲ್ಲಿ ಪುಕ್ಕಟೆ ನೋಡಬಹುದು. ಆಸ್ಪತ್ರೆಯ ಸ್ಕ್ಯಾನ್ ಸಿಡಿಯಾದರೆ ಒಳಗಿನ ಕೆಲವು ಚಿತ್ರ ಮಾತ್ರ ಆರಿಸಿ ತೆಗೆಯಬೇಡಿ, ಸಿಡಿಯನ್ನು ಪೂರ್ತಿ ಹಾಗೇ ಒಂದು ಫೋಲ್ಡರಿಗೆ ಇಳಿಸಿ. ಆ ಚಿತ್ರಗಳನ್ನು ತೆರೆಯುವ ಸಾಫ್ಟ್‌ವೇರ್ ಬಹಳಷ್ಟು ಸಲ ಅದರೊಳಗೇ ಇರುತ್ತದೆ, ಮುಂದೆ ಬೇರೆ ಡಾಕ್ಟರಿಗೆ ತೋರಿಸುವಾಗ ಅದು ಬೇಕಾಗುತ್ತದೆ.

ಒಟ್ಟು ಲೆಕ್ಕ ಹೀಗೆ. ಐವತ್ತು ಸಾವಿರದ ಬಜೆಟ್ಟಿನ ವಿದ್ಯಾರ್ಥಿಗೆ ಮಧ್ಯದ ದಾರಿ, ಅಡಾಪ್ಟರಿನ ಖರ್ಚೂ ಉಳಿಯುತ್ತದೆ. ಮೇಷ್ಟ್ರಿಗೆ ಅದೇ ಲ್ಯಾಪ್‌ಟಾಪ್, ಜೊತೆಗೊಂದು ವಿಜಿಎ ಕನ್ವರ್ಟರ್. ದಿನಾ ಪ್ರಯಾಣ ಮಾಡುವ, ಎಂಬತ್ತು ಸಾವಿರದ ಮೇಲೆ ಹಾಕಬಲ್ಲ ಐಟಿಯವರಿಗೆ ತೆಳು ಲ್ಯಾಪ್‌ಟಾಪ್, ಒಂದು ಒಳ್ಳೆಯ ಹಬ್. ಲೆಕ್ಕಪತ್ರದವರಿಗೆ ಕನಿಷ್ಠ ಎರಡು ಮಾಮೂಲಿ ಯುಎಸ್‌ಬಿ ಇರುವ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್, ಒಂದು ಟೋಕನ್ನಿಗೆ, ಒಂದು ಪ್ರಿಂಟರಿಗೆ. ಫೋಟೊಗ್ರಾಫರ್‌ಗಳು ಎಸ್‌ಡಿ ಕಾರ್ಡ್ ಜಾಗ ಇದೆಯಾ ನೋಡಲಿ. ಕೆಲವದರಲ್ಲಿ ಇರುವುದು ಮೊಬೈಲಿನ ಸಣ್ಣ ಕಾರ್ಡಿನದು, ಕ್ಯಾಮೆರಾ ಕಾರ್ಡ್ ಅದಕ್ಕೆ ಹೋಗುವುದಿಲ್ಲ.

ಅಂಗಡಿಗೆ ಹೋಗುವಾಗ ಬರೆದಿಟ್ಟ ಹಾಳೆಯ ಜೊತೆ ನಿಮ್ಮ ಪೆನ್‌ಡ್ರೈವ್, ಟೋಕನ್, ಒಂದು ಎಚ್‌ಡಿಎಂಐ ಕೇಬಲ್ ತಗೊಂಡು ಹೋಗಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಾಗಲಿ, ನಿಮ್ಮೂರಿನ ಶೋರೂಮಾಗಲಿ, ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಲು ಕೇಳಿ. ಟೈಪ್-ಸಿಯಿಂದ ಅಲ್ಲೇ ಇರುವ ಮಾನಿಟರಿಗೆ ಚಿತ್ರ ಹೋಗುತ್ತದಾ ಅಂತಲೂ ತೋರಿಸಲು ಹೇಳಿ. ಆನ್‌ಲೈನಿನಲ್ಲಿ ಕೊಳ್ಳುವವರು ಹೆಡ್‌ಲೈನ್ ಬಿಟ್ಟು ಮಾಡೆಲ್ ನಂಬರ್ ಪೂರ್ತಿ ನೋಡಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪಿನ ಎರಡು ಮಾದರಿಗಳಲ್ಲಿ ಒಂದಕ್ಕೆ ಟೈಪ್-ಸಿ ಚಾರ್ಜಿಂಗ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು.